ಹಿಡಿದು ಬಿಟ್ಟರೆ ಹಿಂಸೆಯಾಗದೆ?

ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿದರೆ ಉದಕಮಂಡಲ ಅರ್ಧ ದಿನದ ದಾರಿ. ಬೇಸಿಗೆಯಲ್ಲಿ ನಗರದ ಜೈನ ಮನೆತನಗಳು ನೀಲಗಿರಿಗೆ ಹೋಗಿಬರುವುದು ಹೊಸದಲ್ಲ. ಆ ಪ್ರವಾಸದ ಗಂಟುಮೂಟೆಯಲ್ಲಿ ಗಾಳದ ಕೋಲೂ ಸೇರಿಕೊಳ್ಳುತ್ತಿರುವುದು ಮಾತ್ರ ಹೊಸದು. ರಾತ್ರಿಭೋಜನ ತ್ಯಜಿಸಿದ, ಗಡ್ಡೆಗೆಣಸು ಮುಟ್ಟದ ಮನೆಯ ತರುಣರು ಮಲೆಯ ತಣ್ಣೀರಿನ ಟ್ರೌಟ್ ಮೀನನ್ನು ಹಿಡಿಯುವ ಯೋಜನೆ ಹಾಕುತ್ತಾರೆ. ಹಿರಿಯರು ಆಕ್ಷೇಪಿಸಿದರೆ ಉತ್ತರ ಸಿದ್ಧವಾಗಿದೆ: “ನಾವು ತಿನ್ನುವುದಿಲ್ಲ, ಕೊಲ್ಲುವುದೂ ಇಲ್ಲ. ಹಿಡಿದು, ಒಂದು ಚಿತ್ರ ತೆಗೆದು, ಮತ್ತೆ ನೀರಿಗೇ ಬಿಡುತ್ತೇವೆ.” ಹಿರಿಯರು ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಾದ ಕಾರಣವೇನೂ ಇಲ್ಲ.

ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿದವರಿಗೆ ಈ ವಾದದ ಮೋಸ ಬೇಗ ತಿಳಿಯಬೇಕು. ಹಿಡಿದದ್ದನ್ನು ಖರ್ಚಿಗೆ ಬರೆದು, ಬಿಟ್ಟದ್ದನ್ನು ಜಮೆಗೆ ಬರೆದು, ಬಾಕಿ ಸೊನ್ನೆ ಎಂದು ತೋರಿಸುವ ಲೆಕ್ಕ ಇದು. ಆದರೆ ಬಾಯಿಗೆ ಚುಚ್ಚಿದ ಮುಳ್ಳು, ಎಳೆದಾಟ, ಉಸಿರಿಲ್ಲದ ಗಾಳಿಯಲ್ಲಿ ಹೊರಳಾಡಿದ ಗಳಿಗೆಗಳು ಯಾವ ಕಲಮಿಗೂ ಬಂದಿಲ್ಲ.

ಮೊದಲು ಆ ಮೀನಿನ ಕಥೆಯನ್ನು ನೋಡಬೇಕು. ಟ್ರೌಟ್ ನೀಲಗಿರಿಯದಲ್ಲ, ಭಾರತದ್ದೂ ಅಲ್ಲ. 1863ರಲ್ಲಿ ಫ್ರಾನ್ಸಿಸ್ ಡೇ ಅದನ್ನು ತರಲು ಮಾಡಿದ ಪ್ರಯತ್ನ ವಿಫಲವಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಚ್.ಸಿ. ವಿಲ್ಸನ್ ಅವರು ಉತ್ತರ ಅಮೆರಿಕ ಮೂಲದ ಕಾಮನಬಿಲ್ಲು ಟ್ರೌಟ್ ಜಾತಿಯನ್ನು ಇಲ್ಲಿ ನೆಲೆಗೊಳಿಸಿದರು. ಅವಲಾಂಚಿಯಲ್ಲಿ ಅದರ ಮರಿಕೇಂದ್ರ ಆಯಿತು. ಉದ್ದೇಶ ಯಾರ ಹಸಿವೂ ಆಗಿರಲಿಲ್ಲ. ಬೇಸಿಗೆ ಕಳೆಯಲು ಬೆಟ್ಟ ಹತ್ತಿದ ಆಂಗ್ಲ ಅಧಿಕಾರಿಗಳಿಗೂ ತೋಟದ ದೊರೆಗಳಿಗೂ ತಮ್ಮ ದೇಶದ ವಿನೋದ ಇಲ್ಲಿಯೂ ಬೇಕಾಗಿತ್ತು. ಮೈಸೂರಿಗೂ ಈ ವಿನೋದ ಅಪರಿಚಿತವಲ್ಲ. ಬೇಟೆಯ ಪ್ರಾಣಿಗಳ ಚರ್ಮಕ್ಕೆ ಹೊಟ್ಟು ತುಂಬಿ ನಿಲ್ಲಿಸುವುದರಲ್ಲಿ ಹೆಸರಾದ ಇಲ್ಲಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದದ್ದನ್ನು ಗಾಳಗಾರರು ಇಂದಿಗೂ ದಾಖಲೆಯೆಂದು ಕೊಂಡಾಡುತ್ತಾರೆ. ದೊರೆಗಳು ಹೋದರು, ಅವರ ವಿನೋದವನ್ನು ಶ್ರಾವಕರ ಮಕ್ಕಳು ಆನುವಂಶಿಕ ಆಸ್ತಿಯಂತೆ ಸ್ವೀಕರಿಸುತ್ತಿರುವುದು ವಿಚಿತ್ರ.

ಟ್ರೌಟ್ ಹಿಡಿಯುವ ಬಗೆಯೂ ವಿಶಿಷ್ಟವಾದದ್ದು. ಎರೆಹುಳುವಿನ ಬದಲು ಕೃತಕ ನೊಣವೊಂದನ್ನು ನೀರ ಮೇಲೆ ತೇಲಿಸುತ್ತಾರೆ. ಸಣ್ಣ ಮುಳ್ಳಿನ ಸುತ್ತ ದಾರ ಸುತ್ತಿ, ಹುಂಜದ ಕತ್ತಿನ ಪುಕ್ಕವನ್ನೋ ನವಿಲುಗರಿಯ ಎಳೆಯನ್ನೋ ಕಟ್ಟಿ ಅದನ್ನು ಸಿದ್ಧಪಡಿಸುತ್ತಾರೆ. ದಿಗಂಬರ ಮುನಿಗಳ ಕೈಯಲ್ಲಿರುವುದೂ ನವಿಲುಗರಿಯೇ. ಕೂರುವ ನೆಲದ ಸೂಕ್ಷ್ಮಜೀವಿಗೂ ನೋವಾಗಬಾರದೆಂದು ಮೆಲ್ಲಗೆ ಸವರುವ ಆ ಗರಿಗೆ ಇಲ್ಲಿ ಮುಳ್ಳನ್ನು ಮರೆಮಾಡುವ ಕೆಲಸ! ಕೃತಕ ನೊಣವಾದ್ದರಿಂದ ಇಲ್ಲಿ ಹುಳುವಿನ ಹಿಂಸೆಯೂ ಇಲ್ಲ ಎಂದು ಕೆಲವರು ಇದನ್ನೇ ಗುಣವೆಂದು ಹೇಳುತ್ತಾರೆ. ಜನ್ನನ ಯಶೋಧರ ಚರಿತೆಯನ್ನು ಓದಿದ ಕನ್ನಡ ಜೈನರಿಗೆ ಈ ಮಾತು ಕೇಳಿದೊಡನೆ ಹಿಟ್ಟಿನ ಕೋಳಿ ನೆನಪಾಗಬೇಕು. ಅಲ್ಲಿಯೂ ಕೋಳಿ ಕೃತಕವೇ. ಜನ್ಮಜನ್ಮಗಳ ದುಃಖ ಮಾತ್ರ ನಿಜವಾದದ್ದು. ಆ ಜನ್ಮಗಳ ಸರಣಿಯಲ್ಲಿ ಯಶೋಧರನು ಮೀನಾಗಿಯೂ ಹುಟ್ಟಿದನು.

ಕೊಲ್ಲದಿದ್ದರೆ ವ್ರತಭಂಗವಿಲ್ಲ ಎಂಬ ನಂಬಿಕೆ ಎಲ್ಲಿಂದ ಬಂತೋ ತಿಳಿಯದು, ಶಾಸ್ತ್ರದಿಂದಂತೂ ಬಂದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಬಂಧ, ವಧ, ಛೇದ ಎಂಬ ಮೂರು ಅವುಗಳಲ್ಲಿ ಮೊದಲಿನವು. ಅತಿಭಾರ ಹೇರುವುದು, ಅನ್ನಪಾನ ತಡೆಯುವುದು ಉಳಿದೆರಡು. ಇಲ್ಲಿ ವಧವೆಂದರೆ ಹೊಡೆತವೇ ಹೊರತು ಪ್ರಾಣಹರಣವಲ್ಲ ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಸ್ಪಷ್ಟಪಡಿಸಿದ್ದಾರೆ. ಐದರಲ್ಲಿ ಯಾವುದಕ್ಕೂ ಪ್ರಾಣಿಯು ಸಾಯಬೇಕಾಗಿಲ್ಲ. ಗಾಳದ ದಾರ ಬಂಧ. ತುಟಿಯನ್ನು ಹರಿಯುವ ಮುಳ್ಳು ಛೇದ. “ಬಿಟ್ಟುಬಿಡುತ್ತೇವೆ” ಎಂಬ ಸಮಾಧಾನ ಈ ಪಟ್ಟಿಯ ಮುಂದೆ ನಿಲ್ಲಲಾರದು. ಬಿಟ್ಟ ಮೀನೆಲ್ಲ ಬದುಕುತ್ತದೆಂಬ ಭರವಸೆಯೂ ಇಲ್ಲ. ಕೈ ಒದ್ದೆ ಮಾಡಿಕೊಳ್ಳಿ, ಹಿಮ್ಮುಳ್ಳಿಲ್ಲದ ಗಾಳ ಬಳಸಿ, ನೀರಿನಿಂದ ಹೊರಗೆ ಬಹಳ ಹೊತ್ತು ಹಿಡಿಯಬೇಡಿ ಎಂದು ಗಾಳಗಾರರ ಕೈಪಿಡಿಗಳೇ ಎಚ್ಚರಿಸುವುದು ಈ ಕಾರಣಕ್ಕೆ.

ಮೀನಿಗೆ ನೋವೇ ಇಲ್ಲ ಎನ್ನುವವರೂ ಇದ್ದಾರೆ. ಜಲಚರಗಳಲ್ಲಿ ಮೀನು ಪಂಚೇಂದ್ರಿಯ ಜೀವಿ ಎಂಬುದು ಪಾಠಶಾಲೆಯ ಮಗುವಿಗೂ ಗೊತ್ತು. ಅಷ್ಟು ಸಾಲದೆನ್ನುವವರಿಗೆ 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವಿದೆ. ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ನೋವನ್ನು ಗ್ರಹಿಸುವ ನರತಂತುಗಳನ್ನು ಅವರು ಗುರುತಿಸಿದರು. ತುಟಿಗೆ ಆಮ್ಲ ಚುಚ್ಚಿದಾಗ ಮೀನುಗಳು ಬಹಳ ಹೊತ್ತು ಆಹಾರ ಬಿಟ್ಟವು, ತುಟಿಯನ್ನು ತೊಟ್ಟಿಯ ಕಲ್ಲಿಗೆ ಉಜ್ಜಿಕೊಂಡವು. (ಈ ಅರಿವೂ ನೋಯಿಸಿಯೇ ದೊರೆತದ್ದು ಎಂಬುದು ಬೇರೆ ಮಾತು.)

ಇನ್ನು ಯೋಜನೆಯ ವಿಚಾರ. ನಕ್ಷೆ ಬಿಡಿಸಿಕೊಂಡು ತೊರೆಗಳನ್ನು ಗುರುತಿಸುವುದು, ಯಾವ ತಿಂಗಳಲ್ಲಿ ಯಾವ ಕೀಟ ಹಾರುತ್ತದೆಂದು ಓದುವುದು, ಕೋಲು ತರಿಸುವುದು, ಅನುಮತಿ ಪಡೆಯುವುದು ಇವೆಲ್ಲ ನಿರುಪದ್ರವಿ ಹವ್ಯಾಸದಂತೆ ಕಾಣುತ್ತವೆ. ನಮ್ಮ ಆಚಾರ್ಯರು ಹಿಂಸೆಯನ್ನು ಅಲ್ಲಿಂದಲೇ ಎಣಿಸತೊಡಗಿದರು. ಮಾಡಬೇಕೆಂಬ ಪ್ರಯತ್ನಭಾವ ಸಂರಂಭ, ಸಾಧನಗಳನ್ನು ಕೂಡಿಸುವುದು ಸಮಾರಂಭ, ಕೈಹಾಕುವುದು ಆರಂಭ. ಈ ಮೂರನ್ನು ಮನ-ವಚನ-ಕಾಯಗಳಿಂದ, ಕೃತ-ಕಾರಿತ-ಅನುಮತಗಳಿಂದ, ನಾಲ್ಕು ಕಷಾಯಗಳಿಂದ ಗುಣಿಸಿದರೆ 108. ಟ್ರೌಟ್ ಪ್ರವಾಸದ ಸಿದ್ಧತೆಯಲ್ಲಿ ಮಾಯಾಕಷಾಯ ಗರಿಯ ನೊಣದಲ್ಲಿಯೂ ಮಾನಕಷಾಯ ಛಾಯಾಚಿತ್ರದಲ್ಲಿಯೂ ಬರಿಗಣ್ಣಿಗೇ ಕಾಣುತ್ತವೆ. ಒಂದು ಮೀನನ್ನೂ ನುಂಗಲಾರದ ತಂದುಲ ಮತ್ಸ್ಯವು ನುಂಗುವ ಯೋಚನೆ ಮಾತ್ರದಿಂದ ನರಕಕ್ಕೆ ಹೋದ ಕಥೆಯನ್ನು ಅಜ್ಜಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ತಿಳಿದವರು ಒಬ್ಬರು ಮೃಗಸೇನ ಧೀವರನನ್ನು ಎತ್ತಿ ತೋರಿಸಬಹುದು. ಬಲೆಗೆ ಮೊದಲು ಬಿದ್ದ ಮೀನನ್ನು ಬಿಡುವೆನೆಂದು ಮುನಿಗಳ ಮುಂದೆ ವ್ರತ ತೊಟ್ಟ ಅವನು, ಅದೇ ಮೀನು ಮತ್ತೆ ಮತ್ತೆ ಬಿದ್ದರೂ ಮತ್ತೆ ಮತ್ತೆ ಬಿಟ್ಟು ಪುಣ್ಯ ಪಡೆಯಲಿಲ್ಲವೆ? ಪಡೆದನು. ಆದರೆ ಮೃಗಸೇನನು ಮೀನಿನಿಂದಲೇ ಹೊಟ್ಟೆ ಹೊರೆಯುತ್ತಿದ್ದವನು. ಅಂದು ಬರಿಗೈಯಲ್ಲಿ ಮನೆಗೆ ಬಂದು ಹೆಂಡತಿಯಿಂದ ಬಾಗಿಲು ಹಾಕಿಸಿಕೊಂಡನು. ಅವನು ಬಿಟ್ಟದ್ದು ತನ್ನ ಅನ್ನವನ್ನು. ನೀಲಗಿರಿಯ ಗಾಳಗಾರನು ಏನನ್ನೂ ಬಿಡುವುದಿಲ್ಲ. ಬಿಡುವ ಸುಖಕ್ಕಾಗಿಯೇ ಹಿಡಿಯುತ್ತಾನೆ. ಬೆಸ್ತರ ಕಸುಬನ್ನು ಹಳಿಯುವ ಶ್ರಾವಕನು ತನ್ನ ಮಗನ ಕೋಲನ್ನು ಕಂಡೂ ಕಾಣದಂತಿರುವುದು ಅನ್ಯಾಯ. ಮೊದಲನೆಯದರಲ್ಲಿ ಜೀವನೋಪಾಯವಾದರೂ ಇದೆ. ಎರಡನೆಯದು ಅಚ್ಚ ಅನರ್ಥದಂಡ.

ಕಾವೇರಿಯ ವಾದಕ್ಕೆ ತೂಕ ಹೆಚ್ಚು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳದ ಶಿಬಿರಗಳಿದ್ದಾಗ ಸಿಡಿಮದ್ದು ಹಾಕುವ ಕಳ್ಳರು ದೂರವಿದ್ದರು, ವನ್ಯಧಾಮದಲ್ಲಿ ಗಾಳ ನಿಂತ ಮೇಲೆ ಕಾವಲೂ ಸಡಿಲವಾಯಿತು ಎಂದು ಗಾಳಗಾರರು ಹೇಳುತ್ತಾರೆ. ಅವರು ಇಟ್ಟ ದಾಖಲೆಗಳಿಂದಲೇ ಗೂನುಬೆನ್ನಿನ ಮಹಶೀರ್ ಕ್ಷೀಣಿಸಿದ್ದು ತಿಳಿಯಿತು. 2018ರಲ್ಲಿ ಅದು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಇದನ್ನು ಅಲ್ಲಗಳೆಯಬೇಕಾಗಿಲ್ಲ. ಕಾವಲಿಗೆ ಗಾಳವೇ ಬೇಕೆ ಎಂಬುದು ಪ್ರಶ್ನೆ. ಶೃಂಗೇರಿಯ ತುಂಗೆಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲೆಯಲ್ಲಿ ಮಹಶೀರ್ ಮೀನುಗಳು ದೇವರ ಮೀನೆಂದೇ ಉಳಿದುಬಂದಿವೆ. ಶಿಶಿಲದಲ್ಲಿ 1996ರಲ್ಲಿ ದುಷ್ಟರು ವಿಷ ಹಾಕಿದಾಗ ಮೀನುಗಳು ರಾಶಿರಾಶಿಯಾಗಿ ಸತ್ತವು. ಊರವರು ಅವುಗಳ ನೆನಪಿಗೆ ಸ್ಮಾರಕ ಕಟ್ಟಿದರು, ಮೀನುಗಳು ಮತ್ತೆ ಬೆಳೆದವು. ಭಕ್ತಿಯ ಕಾವಲಿಗೂ ಎಚ್ಚರ ಬೇಕೆಂಬುದಕ್ಕೆ ಅದು ಸಾಕ್ಷಿ.

ಕೊಡಗು, ಚಿಕ್ಕಮಗಳೂರುಗಳಲ್ಲಿ ತೋಟವಿರುವ ಶ್ರಾವಕರು ಅತಿಥಿಗೃಹ ನಡೆಸುವುದುಂಟು. ಅತಿಥಿಗಳ ವಿನೋದಕ್ಕೆಂದು ಕೆರೆಗೆ ಮೀನು ಬಿಟ್ಟು ಕೋಲು ಬಾಡಿಗೆಗೆ ಕೊಡುವವರು ಇದನ್ನು ಉದ್ಯೋಗೀ ಹಿಂಸೆ ಎಂದು ಕರೆದು ಪಾರಾಗಲು ನೋಡಬಾರದು. ಹಿಂಸೆಯ ಉಪಕರಣವನ್ನು ಇನ್ನೊಬ್ಬನ ಕೈಗಿಡುವುದಕ್ಕೆ ಸಮಂತಭದ್ರರ ರತ್ನಕರಂಡಕದಲ್ಲಿ ಹಿಂಸಾದಾನವೆಂಬ ಹೆಸರೇ ಇದೆ. ಬಸದಿಗಳ ಟ್ರಸ್ಟುಗಳು ದೀಪಧೂಪದ ದೇಣಿಗೆಗೆ ರಸೀದಿ ಹರಿಯುವ ಮೊದಲು ಈ ಆದಾಯದ ಮೂಲವನ್ನು ಕೇಳಲಿ. ಯುವಕ ಮಂಡಲಗಳ ಪ್ರವಾಸಕ್ಕೆ ಹಣ ಮಂಜೂರು ಮಾಡುವಾಗ, ಕಾರ್ಯಕ್ರಮಪಟ್ಟಿಯಲ್ಲಿ ಗಾಳವಿದೆಯೇ ಎಂದು ನೋಡಿ, ಇದ್ದರೆ ಠರಾವಿನಲ್ಲೇ ಹೊಡೆದುಹಾಕಲಿ. ದಶಲಕ್ಷಣ ಪರ್ವದ ಉಪನ್ಯಾಸಗಳಲ್ಲಿ ಆಲೂಗಡ್ಡೆಗೆ ಮೀಸಲಿಡುವ ಸಮಯದ ಕಾಲುಭಾಗವನ್ನಾದರೂ ಈ ವಿಷಯಕ್ಕೆ ಕೊಡಲು ಈ ವರ್ಷವೇ ಆರಂಭಿಸಬಹುದು.