ಬಸದಿಯ ಪಂಕ್ತಿಯಲ್ಲಿ ಸೀಸೆಯ ಪಾನೀಯವೇಕೆ?

ಈ ಅವಸರ್ಪಿಣಿಯಲ್ಲಿ ದಾನತೀರ್ಥವು ಪ್ರವರ್ತನೆಗೊಂಡದ್ದು ಒಂದು ಪಾನೀಯದಿಂದ. ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನು ಭಗವಾನ್ ಆದಿನಾಥರ ಕರಪಾತ್ರೆಗೆ ಎರೆದ ಕಬ್ಬಿನ ರಸದ ಸ್ಮರಣೆಗಾಗಿಯೇ ಸಮಾಜವು ಇಂದಿಗೂ ಅಕ್ಷಯ ತೃತೀಯೆಯನ್ನು ಆಚರಿಸುತ್ತದೆ. ಅದೇ ಸಮಾಜದ ವಿವಾಹಗಳಲ್ಲಿ, ಆರಾಧನೆಗಳ ನಂತರದ ಭೋಜನಗಳಲ್ಲಿ, ಕಡೆಗೆ ಬಸದಿಯ ಆಡಳಿತ ಮಂಡಳಿಗಳ ಸಭೆಗಳಲ್ಲಿಯೂ ಅತಿಥಿಯ ಕೈಗೆ ಮೊದಲು ಬರುವುದು ಕಾರ್ಖಾನೆಯ ಸೀಸೆ. ಅಡಿಗೆಮನೆಯ ಬಾಗಿಲಲ್ಲಿ ನೀರನ್ನು ಇಮ್ಮಡಿ ಬಟ್ಟೆಯಲ್ಲಿ ಸೋಸುವವರೇ ಸಭಾಮಂಟಪದಲ್ಲಿ ಸೋಡದ ಪೆಟ್ಟಿಗೆಗಳನ್ನು ಒಡೆಯುತ್ತಿರುವ ದೃಶ್ಯದಲ್ಲಿ ಯಾರಿಗೂ ವಿರೋಧಾಭಾಸ ಕಾಣದಿರುವುದು ಆಶ್ಚರ್ಯಕರ.

ಇದನ್ನು ಪ್ರಶ್ನಿಸಿದರೆ ಸಿದ್ಧವಾದ ಉತ್ತರವೊಂದಿದೆ: "ಸೀಸೆಯ ಮೇಲೆ ಹಸಿರು ಚುಕ್ಕೆ ಇದೆಯಲ್ಲ!" ಶ್ರಾವಕನ ಆಹಾರವಿವೇಕವು ಒಂದು ಚುಕ್ಕೆಯಲ್ಲಿ ಮುಗಿದುಹೋಗುವುದಾದರೆ ಆಚಾರ್ಯರು ಶ್ರಾವಕಾಚಾರಗಳನ್ನು ಬರೆಯುವ ಶ್ರಮವನ್ನೇ ಪಡಬೇಕಾಗಿರಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಜೀವಹಿಂಸೆಯ ಪದಾರ್ಥಗಳನ್ನು ನಿಷೇಧಿಸಿ ಅಲ್ಲಿಗೇ ನಿಲ್ಲುವುದಿಲ್ಲ. ಅನಿಷ್ಟವಾದುದನ್ನೂ, ಎಂದರೆ ದೇಹಪ್ರಕೃತಿಗೆ ಹಿತವಲ್ಲದುದನ್ನೂ ಬಿಡಬೇಕೆನ್ನುತ್ತಾರೆ. ಹಿಂಸೆಯ ದೋಷವಿಲ್ಲವೆಂಬ ಒಂದೇ ಕಾರಣಕ್ಕೆ ಯಾವುದೂ ಸೇವ್ಯವಾಗುವುದಿಲ್ಲ.

ಸಾಮಾನ್ಯ ಕೋಲಾ ಪಾನೀಯದ 100 ಮಿಲಿಲೀಟರಿನಲ್ಲಿ 10 ಗ್ರಾಂನಷ್ಟು ಸಕ್ಕರೆ ಇರುತ್ತದೆ. 300 ಮಿಲಿಯ ಒಂದು ಸೀಸೆಯೆಂದರೆ 30 ಗ್ರಾಂ, ಆರೇಳು ಚಮಚೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಮಾರ್ಗಸೂಚಿಯ ಪ್ರಕಾರ ಬೆರೆಸಿದ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಂಗೆ ಇಳಿಸಿದರೆ ಆರೋಗ್ಯಕ್ಕೆ ಹೆಚ್ಚಿನ ಲಾಭ. ಇಡೀ ದಿನದ ಆ ಮಿತಿಯನ್ನು ಒಂದು ಮಗು ಊಟಕ್ಕೆ ಕೂರುವ ಮೊದಲೇ ದಾಟಿರುತ್ತದೆ. ಮಧುಮೇಹವು ಮನೆಮನೆಯ ಮಾತಾಗಿರುವ ಕಾಲದಲ್ಲಿ ಇದಕ್ಕಿಂತ ಅನಿಷ್ಟವಾದ ಪಾನೀಯವನ್ನು ಹುಡುಕಲು ಕಷ್ಟಪಡಬೇಕು. ಶ್ರೇಯಾಂಸನಿತ್ತ ಇಕ್ಷುರಸವೂ ಸಿಹಿಯೇ ಅಲ್ಲವೇ ಎಂದು ವಾದಿಸುವ ಜಾಣರು ಇದ್ದಾರೆ. ಉಪವಾಸದಲ್ಲಿ ವರ್ಷವನ್ನೇ ಕಳೆದವರ ಪಾರಣೆಗೂ ಮೂರು ಬಗೆಯ ಸಿಹಿತಿಂಡಿಯ ಊಟಕ್ಕೂ ವ್ಯತ್ಯಾಸವುಂಟು.

ಇನ್ನು ನೀರಿನ ವಿಚಾರ. ಕಾರ್ಖಾನೆಯ ನೀರು ಮನೆಯ ಬಟ್ಟೆಯಲ್ಲಿ ಸೋಸಿದ ನೀರಿಗಿಂತ ಹೆಚ್ಚು ಶುದ್ಧವೆಂಬ ಸಮರ್ಥನೆ ವಿದ್ಯಾವಂತರಿಂದಲೇ ಕೇಳಿಬರುತ್ತದೆ. ಜಲಗಾಲನದ ಅರ್ಥವನ್ನೇ ಇದು ತಲೆಕೆಳಗು ಮಾಡುತ್ತದೆ. ನೀರು ಸೋಸುವುದು ಕುಡಿಯುವವನ ಹೊಟ್ಟೆಯ ರಕ್ಷಣೆಗಾಗಿ ಮಾತ್ರವಲ್ಲ; ನೀರಿನಲ್ಲಿರುವ ತ್ರಸಜೀವಗಳ ರಕ್ಷಣೆಗಾಗಿ. ಆದುದರಿಂದಲೇ ಬಟ್ಟೆಯಲ್ಲಿ ಉಳಿದುದನ್ನು ಅದೇ ಬಾವಿಗೆ ಮೆಲ್ಲನೆ ಹಿಂದಿರುಗಿಸುವ ಪದ್ಧತಿ ಬೆಳೆದುಬಂದಿತು. ನೀರನ್ನು ಎತ್ತಿದ ಬಾವಿಗೂ ಒಂದು ಋಣವಿದೆಯೆಂಬ ಭಾವನೆ ಅದರಲ್ಲಿದೆ. ಕೇರಳದ ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡದಲ್ಲಿ 2000ದಲ್ಲಿ ಕೋಕಾ-ಕೋಲಾ ಕಾರ್ಖಾನೆ ಆರಂಭವಾದ ಮೇಲೆ ಸುತ್ತಣ ಬಾವಿಗಳು ಬತ್ತಿದವು, ನೀರು ಕೆಟ್ಟಿತು ಎಂದು ಅಲ್ಲಿಯ ಆದಿವಾಸಿಗಳು ಧರಣಿ ಹೂಡಿದರು. 2003ರಲ್ಲಿ ಪೆರುಮಾಟ್ಟಿ ಗ್ರಾಮ ಪಂಚಾಯಿತಿಯು ಪರವಾನಗಿಯನ್ನು ನವೀಕರಿಸಲು ನಿರಾಕರಿಸಿತು. 2004ರ ಮಾರ್ಚಿನಲ್ಲಿ ಉತ್ಪಾದನೆ ನಿಂತಿತು. ಅದೇ 2003ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ತಂಪು ಪಾನೀಯಗಳಲ್ಲಿ ಕೀಟನಾಶಕಗಳ ಶೇಷವಿದೆಯೆಂದು ಪ್ರಕಟಿಸಿತು. ಮರುವರ್ಷ ಸಂಸತ್ತಿನ ಜಂಟಿ ಸಮಿತಿ ಅದನ್ನು ಎತ್ತಿಹಿಡಿಯಿತು. ಕೀಟನಾಶಕವು ಇತರ ಆಹಾರಗಳಲ್ಲಿಯೂ ಇರಬಹುದು, ಆ ವಾದವನ್ನು ಬದಿಗಿಡೋಣ. ಬಾವಿಯ ಋಣದ ಪ್ರಶ್ನೆಯನ್ನು ಮಾತ್ರ ಬದಿಗಿಡಲಾಗದು.

ರಾತ್ರಿಯ ಸಮಾರಂಭಗಳಲ್ಲಿ ಇನ್ನೊಂದು ವಿಡಂಬನೆ ನಡೆಯುತ್ತದೆ. ಸೂರ್ಯಾಸ್ತದ ನಂತರ ಅನ್ನ ಮುಟ್ಟದವರೂ "ಕುಡಿಯುವುದು ತಾನೇ" ಎಂದು ಸೀಸೆ ಹಿಡಿಯುತ್ತಾರೆ. ಅನ್ನ, ಪಾನ, ಖಾದ್ಯ, ಲೇಹ್ಯ ಎಂಬ ನಾಲ್ಕೂ ಆಹಾರವೇ. ಎರಡನೆಯದು ಅದರಿಂದ ಯಾವಾಗ ಹೊರಬಿದ್ದಿತೋ ತಿಳಿದವರು ಹೇಳಬೇಕು.

ಸೀಸೆ ಬಂದುದರ ನಿಜವಾದ ಕಾರಣ ರುಚಿಯೂ ಅಲ್ಲ. ಪಾನಕ ಮಾಡಲು ಕೈಗಳು ಬೇಕು, ಲೋಟ ತೊಳೆಯಲು ಜನ ಬೇಕು. ಸೀಸೆಗೆ ಒಂದು ದೂರವಾಣಿ ಕರೆ ಸಾಕು. ಅದರ ಜೊತೆಗೆ ಪ್ರತಿಷ್ಠೆ. ಮಜ್ಜಿಗೆ ಕೊಟ್ಟರೆ ಬೀಗರು ಏನೆಂದುಕೊಂಡಾರೋ ಎಂಬ ಅಳುಕು ಸ್ಥಿತಿವಂತರ ಮನೆಗಳಲ್ಲಿಯೇ ಹೆಚ್ಚು. ಮನೆಯವರು ತಮ್ಮ ಹಣವನ್ನು ಹೇಗೆ ಖರ್ಚು ಮಾಡುತ್ತಾರೆಂಬುದು ಅವರವರ ವಿವೇಕ. ಬಸದಿಯ ಟ್ರಸ್ಟುಗಳಿಗೆ ಆ ಸ್ವಾತಂತ್ರ್ಯವಿಲ್ಲ. ಅವು ಖರ್ಚು ಮಾಡುವುದು ದಾನದ ದ್ರವ್ಯವನ್ನು. ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ವಿಶೇಷವುಂಟಾಗುವುದೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಶ್ರಾವಿಕೆಯೊಬ್ಬಳು ಹುಂಡಿಗೆ ಹಾಕಿದ ಹಣ ಸೋಡವಾಗಿ ಹರಿಯುವಾಗ ಅಲ್ಲಿ ದ್ರವ್ಯಶುದ್ಧಿಯೆಲ್ಲಿ, ವಿಧಿಯೆಲ್ಲಿ?

ಪರ್ಯಾಯವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಚಹಾವನ್ನೇ ನೋಡಬಹುದು. ಚಹಾ ಅಮೃತವೇನಲ್ಲ, ದಿನಕ್ಕೆ ಆರು ಲೋಟ ಕುಡಿಯುವವನದು ವ್ಯಸನವೇ, ಅದನ್ನು ತ್ಯಜಿಸಿದ ವ್ರತಿಗಳಿಗೆ ಅದನ್ನು ಮತ್ತೆ ತೋರಿಸಲೂಬಾರದು. ಆದರೆ ಅದು ಸೋಸಿದ ನೀರನ್ನು ಕಣ್ಣೆದುರಿಗೆ ಕುದಿಸಿ ಮಾಡುವಂಥದು. ಸಕ್ಕರೆ ಎಷ್ಟೆಂಬುದನ್ನು ಮಾಡುವ ಕೈ ನಿರ್ಧರಿಸುತ್ತದೆ. ಒಂದು ಚಮಚೆ ಸಾಕೆಂದವರಿಗೆ ಒಂದೇ ಚಮಚೆ, ಬೇಡವೆಂದವರಿಗೆ ಇಲ್ಲ. ಸೀಸೆಯೊಳಗಿನ ಸಕ್ಕರೆಯೊಡನೆ ಇಂಥ ಮಾತುಕತೆ ಸಾಧ್ಯವಿಲ್ಲ. ಹಸಿ ಶುಂಠಿಯನ್ನು ಬಿಟ್ಟು ಏಲಕ್ಕಿ ಹಾಕಿದರೆ ಕಂದಮೂಲದ ಪ್ರಶ್ನೆಯೂ ಏಳದು. ಚಹಾ ಒಲ್ಲದವರಿಗೆ ಕೊತ್ತಂಬರಿ, ಜೀರಿಗೆಯ ಕಷಾಯವಿದೆ. ಬೇಸಗೆಗೆ ನಿಂಬೆಯ ಪಾನಕ, ಎಳನೀರು. ಕರಾವಳಿಯವರಿಗೆ ಪುನರ್ಪುಳಿ ಕೈಗೆಟಕುವಂತಿದೆ. ಬೆಳಗಾವಿ ಸೀಮೆಯಲ್ಲಿ ಕಬ್ಬು ಬೆಳೆಯುವ ಶ್ರಾವಕರಿಗಂತೂ ಬೆಲ್ಲದ ಪಾನಕವು ಮನೆಯ ಬೆಳೆಯದೇ ಪಾನೀಯ. ಅಂದಂದಿನ ಮೊಸರಿನ ನೀರುಮಜ್ಜಿಗೆ ಎಲ್ಲಕ್ಕಿಂತ ಅಗ್ಗ; ದ್ವಿದಳದ ನಿಯಮ ಪಾಲಿಸುವವರಿರುವುದರಿಂದ ಅದನ್ನು ಬೇಳೆಯ ಊಟದೊಡನೆ ಬಡಿಸದೆ ಬೇರೆ ಹೊತ್ತಿನಲ್ಲಿ ಕೊಡುವ ಎಚ್ಚರ ಬೇಕು. ಪಾನಕಕ್ಕೂ ಬೆಲ್ಲ ಸುರಿದು ಕೋಲಾದಷ್ಟೇ ಸಿಹಿ ಮಾಡಿದರೆ ಅರ್ಧ ಪ್ರಯೋಜನ ಹೋಯಿತೆನ್ನಬೇಕು.

ಮಕ್ಕಳು ಒಪ್ಪುವುದಿಲ್ಲವೆಂಬ ದೂರು ಉಳಿಯುತ್ತದೆ. ಬಸದಿಯ ಆವರಣದಲ್ಲಿ ಸಿಗುವುದೇ ಪಾನಕವಾದರೆ ಬಾಯಾರಿದ ಮಗು ಪಾನಕವನ್ನೇ ಕುಡಿಯುತ್ತದೆ. ಭಾದ್ರಪದದ ದಶಲಕ್ಷಣ ಪರ್ವಕ್ಕೆ ಮುನ್ನ ಪ್ರತಿಯೊಂದು ಆಡಳಿತ ಮಂಡಳಿಯೂ ಎರಡು ಸಾಲಿನ ಠರಾವು ಮಾಡಬಹುದು: ಟ್ರಸ್ಟಿನ ಹಣದಿಂದ ಸೀಸೆಯ ಪಾನೀಯವನ್ನು ಕೊಳ್ಳತಕ್ಕದ್ದಲ್ಲ, ಸಭಾಭವನವನ್ನು ವಿವಾಹಕ್ಕೆ ಬಾಡಿಗೆಗೆ ಪಡೆಯುವವರೂ ಈ ನಿಯಮಕ್ಕೆ ಒಳಪಟ್ಟವರು. ಬಾಡಿಗೆಯ ಕರಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿಯ ನಿಷೇಧವನ್ನು ಅಚ್ಚು ಹಾಕಿಸಿದವರಿಗೆ ಅದರ ಕೆಳಗೆ ಇನ್ನೊಂದು ಸಾಲನ್ನು ಸೇರಿಸುವುದು ಕಷ್ಟವಲ್ಲ.