23 ರನ್, ಎರಡು ಎಸೆತ ಮತ್ತು ಐದು ಬಾರಿ ಬದಲಾದ ಕೋಚ್

2025ರ ನವೆಂಬರ್ 2ರ ರಾತ್ರಿ ನವಿ ಮುಂಬೈಯಲ್ಲಿ ಭಾರತ ಮಹಿಳಾ ತಂಡ ವಿಶ್ವಕಪ್ ಗೆದ್ದಾಗ ಕೋಚ್ ಅಮೋಲ್ ಮಜುಂದಾರ್ ಮಹಾಗುರು. ಅದೇ ತಿಂಗಳ 26ರಂದು ಗುವಾಹಟಿಯಲ್ಲಿ ಪುರುಷರ ತಂಡ ಟೆಸ್ಟ್ ಸೋತಾಗ ಕೋಚ್ ಗೌತಮ್ ಗಂಭೀರ್ ಮಹಾಪರಾಧಿ. ಒಬ್ಬರಿಗೆ ‘ಚಕ್ ದೇ’ ಸಿನಿಮಾದ ಕಬೀರ್ ಖಾನ್ ಪಟ್ಟ, ಇನ್ನೊಬ್ಬರಿಗೆ ಕ್ರೀಡಾಂಗಣದಲ್ಲೇ ‘ಹಾಯ್ ಹಾಯ್’. ಟೆಸ್ಟ್‌ಗೆ ಬೇರೆ ಕೋಚ್ ಬೇಕು, ಏಕದಿನಕ್ಕೆ ಬೇರೆಯವರು ಬೇಕು ಎಂಬ ಚರ್ಚೆ ಅಂದು ಜೋರಾಯಿತು. ಗೆದ್ದೆತ್ತಿನ ಬಾಲ ಹಿಡಿಯುವವರೇ ಬಿದ್ದೆತ್ತಿಗೆ ಮೊದಲ ಕಲ್ಲು ಹೊಡೆಯುತ್ತಾರೆ ಎಂಬುದಕ್ಕೆ ಆ 24 ದಿನಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ರಾಷ್ಟ್ರೀಯ ತಂಡದ ಮುಖ್ಯ ಕೋಚ್‌ಗೆ ನಾವು ಸುರಿಯುವ ಹೊಗಳಿಕೆಯಲ್ಲಿ ಅರ್ಧ ಪಾಲು, ಬೈಗುಳದಲ್ಲಿ ಮುಕ್ಕಾಲು ಪಾಲು ಅವರಿಗೆ ಸಲ್ಲತಕ್ಕದ್ದಲ್ಲ. ಹಾಗೆ ಉಳಿದ ಹೊಗಳಿಕೆ ಸಲ್ಲಬೇಕಾದವರು ಟಿವಿ ಪರದೆಯ ಮೇಲೆ ಎಂದೂ ಬರುವುದಿಲ್ಲ.

ಇದನ್ನು ಸಾಬೀತು ಮಾಡಲು ದೂರ ಹೋಗಬೇಕಿಲ್ಲ. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ್ ಆಡಿದ ಕಾಲದ ಭಾರತ ಮಹಿಳಾ ತಂಡವನ್ನೇ ನೋಡಿ. 2017ರ ವಿಶ್ವಕಪ್‌ನಲ್ಲಿ, ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತು ತಂಡವನ್ನು ಸೆಮಿಫೈನಲ್‌ಗೆ ಸೇರಿಸಿದ ಎಡಗೈ ಸ್ಪಿನ್ನರ್ ಅವರು. ಆ ತಂಡವನ್ನು ಕಟ್ಟಿದ ಕೋಚ್ ಪೂರ್ಣಿಮಾ ರಾವ್. ಫೆಬ್ರುವರಿಯಲ್ಲಿ ಕೊಲಂಬೊದಲ್ಲಿ ಅರ್ಹತಾ ಟೂರ್ನಿ ಗೆದ್ದುಕೊಟ್ಟ ಅವರನ್ನು ಏಪ್ರಿಲ್‌ನಲ್ಲಿ, ವಿಶ್ವಕಪ್ ಹೊಸ್ತಿಲಲ್ಲಿ, ಮನೆಗೆ ಕಳಿಸಲಾಯಿತು. ಗೆದ್ದವರನ್ನೇ ತೆಗೆದದ್ದು! ಜುಲೈನಲ್ಲಿ ಫೈನಲ್ ಆಡಿದಾಗ ಡಗೌಟ್‌ನಲ್ಲಿ ಇದ್ದದ್ದು ತುಷಾರ್ ಅರೋಠೆ. ಆ ಫೈನಲ್‌ನ ಶ್ರೇಯ ಯಾರ ಖಾತೆಗೆ? ಮೂರು ತಿಂಗಳ ಹಿಂದೆ ಬಂದವರಿಗೋ, ಮೂರು ತಿಂಗಳ ಹಿಂದೆ ಹೋದವರಿಗೋ?

ಆ ದಿನ ಲಾರ್ಡ್ಸ್‌ನಲ್ಲಿ 3 ವಿಕೆಟ್‌ಗೆ 191 ಇದ್ದ ಭಾರತ 219ಕ್ಕೆ ಆಲೌಟಾಯಿತು. 28 ರನ್ ಅಂತರದಲ್ಲಿ ಏಳು ವಿಕೆಟ್. 49ನೇ ಓವರ್‌ನಲ್ಲಿ ಹನ್ನೊಂದನೇ ಆಟಗಾರ್ತಿಯಾಗಿ ಕ್ರೀಸಿಗೆ ಬಂದ ರಾಜೇಶ್ವರಿಯವರ ಸ್ಟಂಪ್ ಹಾರಿಸಿ ಆನ್ಯಾ ಶ್ರಬ್‌ಸೋಲ್ ತನ್ನ ಆರನೇ ವಿಕೆಟ್ ಪಡೆದರು. ಸೋಲು 9 ರನ್ನಿನದು. ಬೌಲಿಂಗ್‌ಗೆಂದೇ ತಂಡದಲ್ಲಿದ್ದವರು ವಿಶ್ವಕಪ್ ಫೈನಲ್‌ನಲ್ಲಿ ಬ್ಯಾಟು ಹಿಡಿದು ನಿಲ್ಲಬೇಕಾದ ಆ ಗಳಿಗೆಯಲ್ಲಿ ಯಾವ ಕೋಚ್ ಏನು ಮಾಡಬಲ್ಲ?

ಮುಂದಿನ ಲೆಕ್ಕ ಕೇಳಿ. 2018ರ ಜೂನ್‌ನಲ್ಲಿ ಕ್ವಾಲಾಲಂಪುರದಲ್ಲಿ ಏಷ್ಯಾ ಕಪ್ ಫೈನಲ್, ಕೊನೆಯ ಎಸೆತದಲ್ಲಿ ಬಾಂಗ್ಲಾದೇಶಕ್ಕೆ ಗೆಲುವು. ಮರುತಿಂಗಳೇ ಅರೋಠೆ ರಾಜೀನಾಮೆ. ಬಂದವರು ರಮೇಶ್ ಪೊವಾರ್. ಮಿಥಾಲಿ ರಾಜ್ ಅವರನ್ನು ಟಿ20 ವಿಶ್ವಕಪ್ ಸೆಮಿಫೈನಲ್‌ನಿಂದ ಕೈಬಿಟ್ಟ ರಗಳೆಯಲ್ಲಿ ನವೆಂಬರ್‌ಗೆ ಅವರೂ ಹೊರಗೆ. ನಂತರ ಡಬ್ಲ್ಯು.ವಿ. ರಾಮನ್. ಅವರು 2020ರಲ್ಲಿ ತಂಡವನ್ನು ಟಿ20 ವಿಶ್ವಕಪ್ ಫೈನಲ್‌ಗೆ ಒಯ್ದರು, 2021ರಲ್ಲಿ ಹುದ್ದೆ ಕಳೆದುಕೊಂಡರು. ಮತ್ತೆ ಬಂದವರು ಯಾರು? ಅದೇ ಪೊವಾರ್. 2022ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಕೊನೆಯ ಓವರ್‌ನಲ್ಲಿ ಕ್ಯಾಚ್ ಸಿಕ್ಕಿತು, ಅಂಪೈರ್ ನೋಬಾಲ್ ಎಂದರು, ಕೊನೆಯ ಎಸೆತದಲ್ಲಿ ಪಂದ್ಯ ಹೋಯಿತು, ಸೆಮಿಫೈನಲ್ ತಪ್ಪಿತು. ಅದೇ ವರ್ಷ ಕಾಮನ್‌ವೆಲ್ತ್ ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಸೋಲು, ಮತ್ತೆ 9 ರನ್. ಡಿಸೆಂಬರ್‌ನಲ್ಲಿ ಪೊವಾರ್ ಎತ್ತಂಗಡಿ. 2023ರ ಟಿ20 ವಿಶ್ವಕಪ್ ಸೆಮಿಫೈನಲ್‌ಗೆ ಪೂರ್ಣಾವಧಿ ಕೋಚೇ ಇರಲಿಲ್ಲ. ಅಲ್ಲಿ ಸೋತದ್ದು 5 ರನ್ನಿಗೆ. ಅಕ್ಟೋಬರ್‌ನಲ್ಲಿ ಮಜುಂದಾರ್ ಬಂದರು.

ಕೂಡಿಸಿ. 9, 9, 5: ಒಟ್ಟು 23 ರನ್. ಅದರ ಮೇಲೆ ಎರಡು ಕೊನೆಯ ಎಸೆತಗಳು. ಹಂಗಾಮಿಗಳನ್ನು ಬಿಟ್ಟರೂ ಆರೂವರೆ ವರ್ಷದಲ್ಲಿ ಐದು ಬಾರಿ ಕೋಚ್ ಬದಲಾದರು. ಎಲ್ಲರೂ ಮರೆಯುವ ಸಂಖ್ಯೆ ಇದೇ. ಈ 23 ರನ್ನುಗಳು ಇತ್ತ ವಾಲಿದ್ದರೆ ಅರೋಠೆ ಇಂದು ಪಠ್ಯಪುಸ್ತಕದ ಪಾಠವಾಗುತ್ತಿದ್ದರು, ಪೊವಾರ್ ಪ್ರೇರಣಾ ಭಾಷಣಕಾರರಾಗುತ್ತಿದ್ದರು. ಇನ್ನು ರಾಮನ್ ಮತ್ತು ಪೂರ್ಣಿಮಾ ಅವರ ಕಥೆ ಇನ್ನೂ ವಿಚಿತ್ರ: ಅವರ ಹುದ್ದೆಗೂ ಫಲಿತಾಂಶಕ್ಕೂ ಸಂಬಂಧವೇ ಕಾಣುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ನಮ್ಮ ಕ್ರೀಡಾ ಆಡಳಿತದ ಅಲಿಖಿತ ನಿಯಮ.

ಮಜುಂದಾರ್ ಅವರ ಗೆಲುವನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. 2025ರ ವಿಶ್ವಕಪ್‌ನ ಲೀಗ್ ಹಂತದಲ್ಲಿ ತಂಡ ಸತತ ಮೂರು ಪಂದ್ಯ ಸೋತಿತ್ತು. ಇಂದೋರಿನಲ್ಲಿ ಇಂಗ್ಲೆಂಡ್ ವಿರುದ್ಧದ ಸೋಲು 4 ರನ್ನಿನದು. ಅಲ್ಲಿಗೇ ಟೂರ್ನಿ ಮುಗಿದಿದ್ದರೆ ಕಬೀರ್ ಖಾನ್ ಪಟ್ಟ ಹೋಗಲಿ, ಭಾರತಕ್ಕೆ ಒಂದೂ ಪಂದ್ಯ ಆಡದವರಿಗೆ ಈ ಹುದ್ದೆ ಯಾಕೆ ಕೊಟ್ಟಿರಿ ಎಂದು ಇದೇ ಜನ ಕೇಳುತ್ತಿದ್ದರು. ಅವರಿಗೆ ನಿಜವಾಗಿ ಸಲ್ಲಬೇಕಾದ ಶ್ರೇಯ ಬೇರೆಯದು. ಎರಡು ವರ್ಷ ಒಂದೇ ಕುರ್ಚಿಯಲ್ಲಿ ಕೂರಲು ಅವರಿಗೆ ಬಿಟ್ಟರು, ಅವರು ಆ ಎರಡು ವರ್ಷವನ್ನು ಬಳಸಿಕೊಂಡರು.

‘ಹಾಗಾದರೆ ಚಂದ್ರಕಾಂತ್ ಪಂಡಿತ್?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬರಲಿ. ಮುಂಬೈಗೆ ಮೂರು, ವಿದರ್ಭಕ್ಕೆ ಎರಡು, ಮಧ್ಯಪ್ರದೇಶಕ್ಕೆ ಒಂದು ರಣಜಿ ಟ್ರೋಫಿ ಗೆದ್ದುಕೊಟ್ಟ ಕೋಚ್ ಅವರು. ಕೋಚ್‌ನಿಂದ ಏನೂ ಆಗುವುದಿಲ್ಲ ಎನ್ನುವವರ ಬಾಯಿ ಮುಚ್ಚಿಸಲು ಈ ದಾಖಲೆ ಸಾಕು. ಆದರೆ ಇದರೊಳಗೂ ಕನ್ನಡಿಗರು ಮರೆಯಬಾರದ ಒಂದು ಅಂಕಿಯಿದೆ. 2017ರ ಡಿಸೆಂಬರ್‌ನಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ವಿದರ್ಭದ ವಿರುದ್ಧ ಸೆಮಿಫೈನಲ್. ಕರ್ನಾಟಕಕ್ಕೆ ಬೇಕಿದ್ದದ್ದು 198. ರಜನೀಶ್ ಗುರ್ಬಾನಿ ಎರಡನೇ ಇನಿಂಗ್ಸ್‌ನಲ್ಲಿ ಏಳು ವಿಕೆಟ್ ಕಿತ್ತರು, ನಾವು 192ಕ್ಕೆ ಮುಗಿದೆವು. ಐದು ರನ್. ವಿದರ್ಭ ಮುಂದೆ ಮೊದಲ ಬಾರಿ ಚಾಂಪಿಯನ್ ಆಯಿತು, ಪಂಡಿತ್ ದಂತಕಥೆಯಾದರು. ನಮ್ಮ ಕೋಚ್ ಪಿ.ವಿ. ಶಶಿಕಾಂತ್ ಅವರ ಜಾಗಕ್ಕೆ ಮುಂದಿನ ಋತುವಿಗೆ ಯರೇಗೌಡ ಬಂದರು.

ಅದಕ್ಕೂ ಹಿಂದಿನದು ಇನ್ನೂ ಕಹಿ. ಜೆ. ಅರುಣ್‌ಕುಮಾರ್ ಕೋಚ್ ಆಗಿದ್ದಾಗ 2013-14 ಮತ್ತು 2014-15ರಲ್ಲಿ ಕರ್ನಾಟಕ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಎರಡೆರಡು ಬಾರಿ ಬಾಚಿಕೊಂಡಿತು. ಎರಡು ಬರಗಾಲದ ಋತು ಕಳೆಯುವಷ್ಟರಲ್ಲಿ ಅವರ ಅವಧಿಯೂ ಮುಗಿಯಿತು. ಆರು ಟ್ರೋಫಿ ಗೆದ್ದಾಗ ವಿನಯ್ ಕುಮಾರ್, ಮಿಥುನ್, ಅರವಿಂದ್ ಅವರ ಬೌಲಿಂಗ್, ರಾಹುಲ್, ಕರುಣ್ ನಾಯರ್ ಅವರ ಬ್ಯಾಟಿಂಗ್ ಕಾರಣ. ಸೋತಾಗ ಕೋಚ್ ಕಾರಣ. ಇದು ಯಾವ ನ್ಯಾಯ?

ಪಂಡಿತ್ ಅವರ ಯಶಸ್ಸಿಗೆ ನಿಜವಾದ ಕಾರಣ ಅಧಿಕಾರ. ವಿದರ್ಭ ಮತ್ತು ಮಧ್ಯಪ್ರದೇಶ ಅವರ ಕೈಗೆ ತಂಡವನ್ನು ಪೂರ್ತಿ ಒಪ್ಪಿಸಿದವು: ಶಿಬಿರ, ಶಿಸ್ತು, ಯಾರು ಆಡಬೇಕು ಎಂಬುದರಲ್ಲೂ ಮಾತು. ಅದೇ ಪಂಡಿತ್ 2024ರಲ್ಲಿ ಐಪಿಎಲ್ ಗೆದ್ದ ಕೋಲ್ಕತ್ತ ನೈಟ್ ರೈಡರ್ಸ್‌ನ ಮುಖ್ಯ ಕೋಚ್ ಆಗಿದ್ದರು ಎಂಬುದು ಎಷ್ಟು ಜನರಿಗೆ ನೆನಪಿದೆ? ಆ ಕಪ್‌ನ ಶ್ರೇಯ ಪೂರ್ತಿ ಹೋದದ್ದು ಮೆಂಟರ್ ಗಂಭೀರ್ ಅವರಿಗೆ. ಎರಡು ತಿಂಗಳಲ್ಲಿ ಅವರು ಭಾರತ ತಂಡದ ಕೋಚ್. ಮರುವರ್ಷ ಪಂಡಿತ್ ಮತ್ತು ಕೋಲ್ಕತ್ತ ಬೇರೆ ಬೇರೆ ದಾರಿ ಹಿಡಿದರು. ಒಂದೇ ಕಪ್, ಇಬ್ಬರು ಗುರುಗಳು. ಕ್ಯಾಮೆರಾ ಯಾರ ಕಡೆ ತಿರುಗಿತೋ ಅವರಿಗೇ ಬಿರುದು.

ಕಬಡ್ಡಿಯಲ್ಲಂತೂ ಇದು ಬಿಸಿಲಿನಷ್ಟು ನಿಚ್ಚಳ. ಪ್ರೊ ಕಬಡ್ಡಿ ಲೀಗ್‌ನ ಬೆಂಗಳೂರು ಬುಲ್ಸ್‌ಗೆ ಮೊದಲ ಹನ್ನೊಂದು ಆವೃತ್ತಿಗೂ ರಣಧೀರ್ ಸಿಂಗ್ ಅವರೇ ಕೋಚ್. ಪವನ್ ಸೆಹ್ರಾವತ್ ಇದ್ದ ಆರನೇ ಆವೃತ್ತಿಯಲ್ಲಿ ಚಾಂಪಿಯನ್, ಹನ್ನೊಂದನೆಯದರಲ್ಲಿ 22 ಪಂದ್ಯಗಳಲ್ಲಿ ಎರಡೇ ಗೆಲುವು, ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನ. ಕೋಚ್ ಅದೇ, ತಲೆ ಅದೇ, ತಂತ್ರ ಅದೇ. ಬದಲಾದದ್ದು ಅಂಕಣದೊಳಗಿನ ಏಳು ಜನ.

ಹಾಗೆಂದು ಕೋಚ್‌ಗೆ ಜವಾಬ್ದಾರಿಯೇ ಇಲ್ಲವೆನ್ನುತ್ತಿಲ್ಲ. ಅವರು ಯಾವ ತೀರ್ಮಾನ ತೆಗೆದುಕೊಂಡರೋ ಆ ತೀರ್ಮಾನಕ್ಕೆ ಅವರೇ ಹೊಣೆ. ಗುವಾಹಟಿಗೂ ಮೊದಲಿನ ಕೋಲ್ಕತ್ತ ಟೆಸ್ಟ್‌ನಲ್ಲಿ 124 ರನ್ ಬೆನ್ನಟ್ಟಿ 93ಕ್ಕೆ ಕುಸಿದ ಮೇಲೆ, ಇಂಥ ಪಿಚ್ಚನ್ನೇ ನಾವು ಕೇಳಿದ್ದು ಎಂದು ಗಂಭೀರ್ ತಾವೇ ಒಪ್ಪಿಕೊಂಡರು. ಸರಿ, ಆ 30 ರನ್ನಿನ ಸೋಲಿನಲ್ಲಿ ದೊಡ್ಡ ಪಾಲು ಅವರದು. ಮೂರನೇ ಕ್ರಮಾಂಕಕ್ಕೆ ಕೋಲ್ಕತ್ತದಲ್ಲಿ ಒಬ್ಬರು, ಗುವಾಹಟಿಯಲ್ಲಿ ಇನ್ನೊಬ್ಬರು. ಅದಕ್ಕೂ ಉತ್ತರ ಕೊಡಬೇಕಾದವರಲ್ಲಿ ಅವರೊಬ್ಬರು. ಆದರೆ ಗುವಾಹಟಿಯ 408 ರನ್ನಿನ ಸೋಲನ್ನು ಇಡಿಯಾಗಿ ಒಬ್ಬರ ಹಣೆಗೆ ಅಂಟಿಸುವುದು ಬ್ಯಾಟು ಹಿಡಿದವರಿಗೆ ಕೊಡುವ ಕ್ಷಮಾದಾನ. ಕೋಚ್‌ಗೆ ಕೇಳಬೇಕಾದದ್ದು ಮೂರೇ ಪ್ರಶ್ನೆ. ತಂಡ ಆರಿಸುವಲ್ಲಿ ನಿಮ್ಮ ಮಾತು ಎಷ್ಟು ನಡೆಯಿತು? ನಿಮಗೆ ಎಷ್ಟು ಕಾಲ ಸಿಕ್ಕಿತು? ನೀವು ಬಂದಾಗ ಇದ್ದ ಆಟಗಾರ ನೀವು ಹೋಗುವಾಗ ಉತ್ತಮಗೊಂಡಿದ್ದನೇ? ಸ್ಕೋರ್‌ಬೋರ್ಡು ಈ ಮೂರಕ್ಕೂ ಉತ್ತರ ಹೇಳುವುದಿಲ್ಲ.

ಈ ಪಾಲುಪಟ್ಟಿಯನ್ನು ಸರಿಯಾಗಿ ಬರೆದವರು ಒಬ್ಬರಿದ್ದಾರೆ, ಅವರು ನಮ್ಮವರೇ. 2018ರ ಫೆಬ್ರುವರಿಯಲ್ಲಿ 19 ವರ್ಷದೊಳಗಿನವರ ತಂಡ ವಿಶ್ವಕಪ್ ಗೆದ್ದಾಗ ಬಿಸಿಸಿಐ ಕೋಚ್ ರಾಹುಲ್ ದ್ರಾವಿಡ್‌ಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತು. ಆಡಿದವರಿಗಿಂತ ಆಡಿಸಿದವರಿಗೆ ಹೆಚ್ಚು! ದ್ರಾವಿಡ್ ಈ ತಾರತಮ್ಯ ಒಪ್ಪಲಿಲ್ಲ. ಕೊನೆಗೆ ಕೋಚ್‌ಗೂ ಸಿಬ್ಬಂದಿಗೂ ಸಮನಾಗಿ 25 ಲಕ್ಷ ಎಂದಾಯಿತು. ಅವರ ಪಾಲು ಅರ್ಧಕ್ಕೆ ಇಳಿಯಿತು. ಅಷ್ಟೇ ಅಲ್ಲ, ವಿಶ್ವಕಪ್‌ಗೆ ಹೋಗದಿದ್ದರೂ ಅದಕ್ಕೂ ಮುಂಚೆ ಆ ಹುಡುಗರೊಂದಿಗೆ ದುಡಿದಿದ್ದವರೂ ಪಟ್ಟಿಗೆ ಸೇರಿದರು. ಒಂದು ವರ್ಷ ಮೊದಲೇ ತೀರಿಕೊಂಡಿದ್ದ ಟ್ರೇನರ್ ರಾಜೇಶ್ ಸಾವಂತ್ ಅವರ ಕುಟುಂಬಕ್ಕೂ ಪಾಲು ಸಂದಿತು. ಇದನ್ನು ದ್ರಾವಿಡ್ ಅವರ ದೊಡ್ಡ ಗುಣ ಎಂದು ಹೊಗಳಿ ಎಲ್ಲರೂ ಮರೆತರು. ಅದು ಗುಣದ ಮಾತಲ್ಲ, ಲೆಕ್ಕದ ಮಾತು. ಗೆಲುವಿನಲ್ಲಿ ಮುಖ್ಯ ಕೋಚ್‌ನ ಪಾಲು ಎಷ್ಟು ಎಂಬುದನ್ನು ಆ ಕುರ್ಚಿಯಲ್ಲಿ ಕೂತವರೇ ರೂಪಾಯಿಯಲ್ಲಿ ಬರೆದುಕೊಟ್ಟ ದಾಖಲೆ.

ಆ ದಾಖಲೆಯನ್ನು ನಮ್ಮ ಜಿಲ್ಲೆಗೆ ಅನ್ವಯಿಸಿ ನೋಡಿ. 2025ರ ಮಹಿಳಾ ವಿಶ್ವಕಪ್ ಗೆಲುವಿಗೆ ಬಿಸಿಸಿಐ ಘೋಷಿಸಿದ 51 ಕೋಟಿ ರೂಪಾಯಿ ಆಟಗಾರ್ತಿಯರು, ಸಹಾಯಕ ಸಿಬ್ಬಂದಿ, ಆಯ್ಕೆ ಸಮಿತಿ ಎಂಬಲ್ಲಿಗೆ ನಿಂತಿತು. 2017ರಲ್ಲಿ ರಾಜೇಶ್ವರಿಯವರಿಗೆ ಆಗ ಜಲಸಂಪನ್ಮೂಲ ಸಚಿವರಾಗಿದ್ದ, ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲರು ಕಾರು ಘೋಷಿಸಿದರು. ಕಾರು ಬೇಡ, ಕುಟುಂಬಕ್ಕೆ ಮನೆ ಬೇಕು ಎಂದು ರಾಜೇಶ್ವರಿ ನೇರವಾಗಿ ಹೇಳಿದ್ದು ದೊಡ್ಡ ಸುದ್ದಿಯಾಯಿತು. ಕಾರೋ ಮನೆಯೋ ಎಂದು ಜಗಳವಾಡಿದವರಲ್ಲಿ, ಅವರ ಕೈಗೆ ಮೊದಲು ಚೆಂಡು ಕೊಟ್ಟು ಸ್ಪಿನ್ ತಿದ್ದಿದವರು ಯಾರು ಎಂದು ಎಷ್ಟು ಜನ ಕೇಳಿದ್ದರು? ಐದು ಬಾರಿ ಬದಲಾದ ಮುಖ್ಯ ಕೋಚ್‌ಗಳ ಹೆಸರು ನಮಗೆ ಬಾಯಿಪಾಠ. ಯಾರೇ ಬಂದು ಯಾರೇ ಹೋದರೂ ರಾಜೇಶ್ವರಿಯವರ ಎಡಗೈ ಸ್ಪಿನ್‌ನ ಬೇರು ವಿಜಯಪುರದ ಮೈದಾನದಲ್ಲೇ ಇತ್ತು.

ಜಾತ್ರೆಯ ಮೆರವಣಿಗೆಯಲ್ಲಿ ನಮ್ಮ ಸಾರವಾಡದ ಗೊಂಬೆ ಕುಣಿತ ನೋಡಿದವರಿಗೆ ಇದು ಅರ್ಥವಾಗುತ್ತದೆ. ಜನ ಚಪ್ಪಾಳೆ ತಟ್ಟುವುದು ಬಣ್ಣ ಬಳಿದ ಮುಖಕ್ಕೆ, ಭಾರ ಹೊತ್ತದ್ದು ಒಳಗಿನ ಹೆಗಲು. ಭಾರತದ ಕ್ರೀಡೆಯ ಭಾರ ಹೊತ್ತ ಹೆಗಲುಗಳು ಜಿಲ್ಲಾ ಕೇಂದ್ರಗಳಲ್ಲಿ, ಕ್ರೀಡಾ ವಸತಿ ನಿಲಯಗಳಲ್ಲಿ, ಗುತ್ತಿಗೆ ಮೇಲೆ ವರ್ಷದಿಂದ ವರ್ಷಕ್ಕೆ ನವೀಕರಣ ಕಾಯುತ್ತ ಕೂತಿವೆ. ರಾಜ್ಯಕ್ಕೆ ಸೈಕ್ಲಿಸ್ಟ್‌ಗಳನ್ನು ಕೊಟ್ಟ ಜಿಲ್ಲೆ ನಮ್ಮದು. ಆ ಹುಡುಗರಿಗೆ ಬೇಕಾದ ವೆಲೊಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಕುಂಟಿತು. ಬಬಲೇಶ್ವರ ರಸ್ತೆಯಲ್ಲಿ ಲಾರಿ, ಬಸ್ಸುಗಳ ನಡುವೆ ಮಕ್ಕಳಿಗೆ ಪೆಡಲ್ ತುಳಿಯುವುದನ್ನು ಕಲಿಸುವವರ ಸೋಲಿಗೂ ಗೆಲುವಿಗೂ ಟಿವಿ ಚರ್ಚೆ ಇಲ್ಲ. ಅವರನ್ನು ಯಾರೂ ತೆಗೆಯಿರಿ ಎನ್ನುವುದಿಲ್ಲ, ಉಳಿಸಿಕೊಳ್ಳಿ ಎಂದೂ ಹೇಳುವುದಿಲ್ಲ.

ಆದ್ದರಿಂದ ಕ್ರೀಡಾ ಇಲಾಖೆಗೂ ರಾಜ್ಯ ಕ್ರಿಕೆಟ್ ಸಂಸ್ಥೆಗೂ ಎರಡೇ ಬೇಡಿಕೆ. ಸರ್ಕಾರವೋ ಸಂಸ್ಥೆಯೋ ಆಟಗಾರರಿಗೆ ನಗದು ಬಹುಮಾನ ಘೋಷಿಸುವಾಗ ಅವರ ಮೊದಲ ಕೋಚ್‌ಗೂ ಒಂದು ಪಾಲು ಎಂದು ನಿಯಮದಲ್ಲೇ ಬರೆಯಿರಿ. 2018ರ ಪಟ್ಟಿ ಮಾದರಿಯಾಗಿ ಕಣ್ಣೆದುರಿಗಿದೆ. ಎರಡನೆಯದು, ಯಾವುದೇ ತಂಡದ ಕೋಚ್‌ಗೆ ಕನಿಷ್ಠ ಎರಡು ಪೂರ್ಣ ಋತು ಕೊಡದೆ, ಲಿಖಿತ ಕಾರಣ ಹೇಳದೆ ಬದಲಿಸಬೇಡಿ. ಐದು ರನ್ನಿಗೆ ಸೋತದ್ದು ಕಾರಣವಲ್ಲ.

ಗಂಭೀರ್ ಉಳಿಯಲಿ, ಹೋಗಲಿ, ಭಾರತದ ಕ್ರಿಕೆಟ್‌ಗೆ ಅದರಿಂದ ಆಗುವ ವ್ಯತ್ಯಾಸ ನೀವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ವಿಜಯಪುರದಲ್ಲಿ ಹತ್ತು ವರ್ಷ ಒಂದೇ ಕಡೆ ನಿಂತು ಕಲಿಸುವ ಕೋಚ್ ಒಬ್ಬರು ಸಂಬಳ ಸಾಲದೆ ಕೆಲಸ ಬಿಟ್ಟರೆ ಆಗುವ ನಷ್ಟ ಅದಕ್ಕಿಂತ ಬಹಳ ಹೆಚ್ಚು.