ಹಣ್ಣಾದರೂ ಹಸಿರು: ಈ ಟೊಮೇಟೊ ನಮಗೆ ಬೇಕೆ?



ಕೆಂಪಡಿಕೆಗೆಂದು ಅಡಿಕೆಯನ್ನು ಹಸಿರಿರುವಾಗಲೇ ಕೊಯ್ಯುವವರು ನಾವು; ಕಾಫಿಯನ್ನು ಹಣ್ಣು ಕೆಂಪಾದ ಮೇಲೆ. ಎರಡರಲ್ಲೂ ಕಣ್ಣೇ ಅಳತೆ. ಹಣ್ಣಾದ ಮೇಲೂ ಹಸಿರಾಗಿಯೇ ಉಳಿಯುವ ಟೊಮೇಟೊ ತಳಿಗಳಲ್ಲಿ ಈ ಅಳತೆ ಕೈಕೊಡುತ್ತದೆ.

ಕೊಪ್ಪಳದ ಭಾಗ್ಯನಗರದ ಕಡೆ ಹಸಿರು ಟೊಮೇಟೊ ಎಂದರೆ ಕಾಯಿ, ರೊಟ್ಟಿಯ ಚಟ್ನಿಗೆ ಬರುವಂಥದು. ಅದು ಹಣ್ಣೆಂದರೆ ವ್ಯಾಪಾರಿ ನಂಬುವುದು ಕಷ್ಟ.

ಸಾಮಾನ್ಯ ಟೊಮೇಟೊ ಹಣ್ಣಾಗುವಾಗ ಪತ್ರಹರಿತ್ತು ಕರಗಿ ಕೆಂಪು ಬಣ್ಣ ಕೂಡುತ್ತದೆ. ಈ ತಳಿಗಳಲ್ಲಿ ಹಸಿರು ಪೂರಾ ಕರಗದು, ಕೆಂಪೂ ಕೂಡದು. ಅಮೆರಿಕದ ಟಾಮ್ ವ್ಯಾಗ್ನರ್ 1983ರಲ್ಲಿ ಹೊರತಂದ ಪಟ್ಟೆಯ 'ಗ್ರೀನ್ ಜೀಬ್ರಾ' ಇವುಗಳಲ್ಲಿ ಹೆಸರಾದದ್ದು.

ಆರಿಸುವಾಗ ಸಿಪ್ಪೆ ನೋಡಬೇಕು. ಸಿಪ್ಪೆ ಹಳದಿಯಾದರೆ ಹಣ್ಣು ಹೊಂಬಣ್ಣಕ್ಕೆ ತಿರುಗಿ ಗುರುತು ಕೊಡುತ್ತದೆ. ಗ್ರೀನ್ ಜೀಬ್ರಾ ಈ ಜಾತಿಯದು. ಸಿಪ್ಪೆಗೆ ಬಣ್ಣವಿಲ್ಲದಿದ್ದರೆ ಒಂದೊಂದನ್ನೂ ಬೆರಳಿಂದ ಮೆಲ್ಲಗೆ ಒತ್ತಿ ನೋಡಬೇಕು. ಕೂಲಿ ಕೊಡುವವರಿಗೆ ಇದು ಸಣ್ಣ ಮಾತಲ್ಲ. ಬೀಜಕ್ಕೆಂದು ಬಿಡುವ ಗೊಂಚಲಿಗೆ ಹೂವರಳುವ ಮುನ್ನ ತೆಳುಬಟ್ಟೆ ಕಟ್ಟಿರಿ. ಪಕ್ಕದ ಕೆಂಪು ತಳಿಯ ಪರಾಗ ಬೆರೆತ ಬೀಜದ ಗಿಡ ಕೆಂಪು ಹಣ್ಣನ್ನೇ ಬಿಡುತ್ತದೆ.

ನಮ್ಮ ಅಭಿಪ್ರಾಯವಿಷ್ಟೆ: ಹಳದಿ ಸಿಪ್ಪೆಯದನ್ನೇ ಆರಿಸಿ ಹಿತ್ತಿಲಲ್ಲಿ ಹತ್ತು ಗಿಡ ಹಾಕಿ, ಮನೆಯವರೂ ನೆರೆಯವರೂ ರುಚಿ ನೋಡಲಿ. ಕೊಳ್ಳುವವರು ಗೊತ್ತಾಗುವ ಮುನ್ನ ಎಕರೆಗಟ್ಟಲೆ ಹಾಕಬೇಡಿ. ಹಣ್ಣು ಮಂಡಿಯಲ್ಲಿ ಕಾಯಿಯ ದರಕ್ಕೆ ಹೋದರೆ ಅದರ ನಷ್ಟ ತಳಿ ಕಟ್ಟಿದವನಿಗಲ್ಲ, ನಮಗೆ.